ಕಾಯುವ ಸಾಲಿಗೆ ಲೆಕ್ಕ ಕೊಟ್ಟ ಎರ್ಲಾಂಗ್

ಜಯನಗರದ ಮನೆಯೊಂದರಲ್ಲಿ ಒಬ್ಬರು ವೀಡಿಯೋ ಕರೆಯಲ್ಲಿದ್ದಾರೆ. ಪಕ್ಕದ ಕೋಣೆಯಲ್ಲಿ ಇನ್ನೊಬ್ಬರು ದೊಡ್ಡ ಫೈಲ್ ಡೌನ್‌ಲೋಡ್ ಶುರುಮಾಡಿದ ಕೂಡಲೇ ಮಾತು ತುಂಡುತುಂಡಾಗುತ್ತದೆ. ಇನ್ನೂ ವೇಗದ ಸಂಪರ್ಕ ಹಾಕಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಇದು ಅರ್ಧ ಮಾತ್ರ ನಿಜ. ಸಾಲು ಏಕೆ ಬೆಳೆಯುತ್ತದೆ ಎಂಬುದಕ್ಕೆ ಇಂಟರ್ನೆಟ್ ಹುಟ್ಟುವ ಮೊದಲೇ ಲೆಕ್ಕ ಕೊಟ್ಟವರು ಡೆನ್ಮಾರ್ಕಿನ ಅಗ್ನರ್ ಕ್ರಾರುಪ್ ಎರ್ಲಾಂಗ್.

ಎರ್ಲಾಂಗ್ ಹುಟ್ಟಿದ್ದು 1878ರ ಜನವರಿ 1ರಂದು, ಲೋನ್‌ಬೋರ್ಗ್ ಎಂಬ ಹಳ್ಳಿಯಲ್ಲಿ. ತಂದೆ ಶಾಲಾ ಮೇಷ್ಟ್ರು. 1901ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾಲಯದಲ್ಲಿ ಗಣಿತ ಓದಿ ಮುಗಿಸಿದ ಅವರೂ ಕೆಲವು ವರ್ಷ ಪಾಠ ಹೇಳಿದರು. 1908ರಲ್ಲಿ ಕೋಪನ್‌ಹೇಗನ್ ಟೆಲಿಫೋನ್ ಕಂಪನಿ ಸೇರಿದರು. ಅಲ್ಲಿ ಮೊದಮೊದಲು, ಏಣಿ ಹೊತ್ತ ಕೆಲಸಗಾರನೊಬ್ಬನ ಜೊತೆ ಬೀದಿ ಸುತ್ತಿ, ಮ್ಯಾನ್‌ಹೋಲ್‌ಗೆ ಇಳಿದು ಅವರೇ ಅಳತೆ ತೆಗೆಯುತ್ತಿದ್ದರು.

ಊರಿಗೆ ಎಷ್ಟು ಟೆಲಿಫೋನ್ ಲೈನ್ ಬೇಕು? ಕಡಿಮೆಯಾದರೆ ಕರೆ ಸಿಗದು, ಹೆಚ್ಚಾದರೆ ಹಣ ದಂಡ. ಕರೆಗಳು ಗೊತ್ತಾದ ಹೊತ್ತಿಗೆ ಬರುವುದಿಲ್ಲ, ಆದರೆ ಆ ಅನಿಶ್ಚಿತತೆಗೂ ಒಂದು ನಿಯಮವಿದೆ ಎಂದು ಎರ್ಲಾಂಗ್ 1909ರಲ್ಲಿ ತೋರಿಸಿದರು. 1917ರಲ್ಲಿ ಅವರ ಪ್ರಸಿದ್ಧ ಸೂತ್ರಗಳು ಬಂದವು.

ಗಂಟೆಗೆ ಸರಾಸರಿ ಮೂರು ನಿಮಿಷದ 20 ಕರೆಗಳು ಬರುತ್ತವೆ ಎನ್ನಿ. ಒಟ್ಟು 60 ನಿಮಿಷದ ಮಾತು, ಒಂದೇ ಲೈನ್ ಸಾಕು ಎನಿಸುತ್ತದೆ. ಆದರೆ ಎರ್ಲಾಂಗ್ ಸೂತ್ರದ ಪ್ರಕಾರ ಒಂದೇ ಲೈನ್ ಇದ್ದರೆ ಅರ್ಧದಷ್ಟು ಕರೆಗಳಿಗೆ ಲೈನ್ ಸಿಗದು. ಎರಡು ಲೈನ್ ಇದ್ದರೆ ಶೇ. 20, ಮೂರಿದ್ದರೆ ಶೇ. 6.25ರಷ್ಟು ಕರೆಗಳು ತಪ್ಪುತ್ತವೆ. ಸರಾಸರಿಯನ್ನು ನಂಬಿ ಕೂತರೆ ಸಾಲು ತಪ್ಪದು.

1929ರಲ್ಲಿ, ಶಸ್ತ್ರಚಿಕಿತ್ಸೆಯ ಬಳಿಕ, 51ನೇ ವಯಸ್ಸಿನಲ್ಲಿ ಎರ್ಲಾಂಗ್ ತೀರಿಕೊಂಡರು. 1946ರಲ್ಲಿ ಟೆಲಿಫೋನ್ ದಟ್ಟಣೆಯ ಅಳತೆಗೆ ಅವರದೇ ಹೆಸರು ಬಂತು. ಮೇಲಿನ ಉದಾಹರಣೆಯ ದಟ್ಟಣೆ ಒಂದು ಎರ್ಲಾಂಗ್.

ಸಾಲಿನಲ್ಲಿ ಯಾರು ಮೊದಲು ಎಂಬ ಲೆಕ್ಕವನ್ನು ನಂತರದವರು ಬೆಳೆಸಿದರು. ನಮ್ಮ ಹಿರಿಯರಿಗೆ ಇದು ಹೊಸದಲ್ಲ. ಟ್ರಂಕ್ ಕಾಲ್ ಕಾಲದಲ್ಲಿ ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂಬ ದರ್ಜೆಗಳಿದ್ದವು. ಹೆಚ್ಚು ದುಡ್ಡು ಕೊಟ್ಟವರ ಕರೆ ಮುಂದೆ ಹೋಗುತ್ತಿತ್ತು, ಆರ್ಡಿನರಿ ಕರೆ ಮತ್ತಷ್ಟು ಕಾಯುತ್ತಿತ್ತು. ಲೈನ್‌ಗಳ ಸಂಖ್ಯೆ ಮಾತ್ರ ಅಷ್ಟೇ.

ಇಂದಿನ ವೇಗದ ಜಾಲದಲ್ಲೂ ಹೀಗೆಯೇ. ಆದ್ಯತೆಯಿಂದ ಹೊಸ ದಾರಿ ಹುಟ್ಟುವುದಿಲ್ಲ, ಕಾಯುವ ಸರದಿ ಒಬ್ಬರಿಂದ ಇನ್ನೊಬ್ಬರಿಗೆ ದಾಟುತ್ತದೆ. ಮಾತಿನ ತುಣುಕು ಅರ್ಧ ಸೆಕೆಂಡ್ ತಡವಾದರೆ ಸಂಭಾಷಣೆ ಕೆಡುತ್ತದೆ, ಡೌನ್‌ಲೋಡ್‌ಗೆ ಅದು ಗೊತ್ತೇ ಆಗದು. ಹಾಗಾಗಿ ಮಾತನ್ನು ಮುಂದೆ ಬಿಡುವುದು ಲಾಭ. ಆದರೆ ಎಲ್ಲರದೂ ಲೈಟ್ನಿಂಗ್ ಕಾಲ್ ಆದರೆ? ಆಗ ಉಳಿಯುವುದು ಮತ್ತೆ ಎರ್ಲಾಂಗ್ ಎಣಿಸಿದ ಅದೇ ಹಳೆಯ ಸಾಲು.