ಎಚ್. ನರಸಿಂಹಯ್ಯ: ಪವಾಡವನ್ನು ಪರೀಕ್ಷೆಗೆ ಕರೆದ ಕುಲಪತಿ

2019ರ ಡಿಸೆಂಬರ್ 26ರಂದು ಸೂರ್ಯಗ್ರಹಣವಿತ್ತು. ಅವತ್ತು ಕಲಬುರಗಿ ನಗರದ ಪಕ್ಕದ ತಾಜ್ ಸುಲ್ತಾನ್‌ಪುರದಲ್ಲಿ ಅಂಗವೈಕಲ್ಯವಿದ್ದ ಕೆಲವು ಮಕ್ಕಳನ್ನು ಮನೆಯವರೇ ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದರು. ಗ್ರಹಣ ಮುಗಿಯುವವರೆಗೆ ಹಾಗೆ ಇಟ್ಟರೆ ಅಂಗವೈಕಲ್ಯ ವಾಸಿಯಾಗುತ್ತದೆ ಎಂಬ ನಂಬಿಕೆ. ಖೂಬಾ ಪ್ಲಾಟ್‌ನಿಂದ ಆಟೋದಲ್ಲಿ ಹೋಗಿಬರಬಹುದಾದಷ್ಟು ದೂರದ ಊರದು. ಮಕ್ಕಳ ಮೇಲೆ ಪ್ರೀತಿ ಇಲ್ಲದವರು ಮಾಡಿದ ಕೆಲಸ ಇದಲ್ಲ, ಪ್ರೀತಿ ಇದ್ದವರೇ ಮಾಡಿದ್ದು. ಹಾಗೆ ಹೂತ ಎಷ್ಟು ಮಕ್ಕಳು ಎದ್ದು ನಡೆದರು ಎಂದು ಯಾರಾದರೂ ಲೆಕ್ಕ ಇಟ್ಟಿದ್ದರೆ ಆ ನಂಬಿಕೆ ಎಂದೋ ಸಾಯುತ್ತಿತ್ತು.

ಲೆಕ್ಕ ಕೇಳುವ ಈ ಕೆಲಸವನ್ನು ಕುಲಪತಿಯ ಕುರ್ಚಿಯಲ್ಲಿ ಕೂತು ಮಾಡಿದವರು ಎಚ್. ನರಸಿಂಹಯ್ಯ. ಬೆಂಗಳೂರಿನ ಮಂದಿಗೆ ಅವರು ಎಚ್ಚೆನ್.

ಹುಟ್ಟಿದ್ದು 1920ರಲ್ಲಿ, ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಲ್ಲಿ. ಓದಲೆಂದು ಊರಿನಿಂದ ಬೆಂಗಳೂರಿಗೆ ನಡೆದೇ ಬಂದ ಹುಡುಗ ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸೇರಿದ. ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ 1942ರ ಚಳವಳಿಗೆ ಧುಮುಕಿ ಜೈಲು ಕಂಡರು. 1946ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು. ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಿಂದ ನ್ಯೂಕ್ಲಿಯರ್ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಮರಳಿ ಅದೇ ಕಾಲೇಜಿಗೆ ಪ್ರಾಂಶುಪಾಲರಾದರು. ಮದುವೆಯಾಗಲಿಲ್ಲ. ಖಾದಿ ಬಟ್ಟೆ, ತಲೆಗೆ ಗಾಂಧಿ ಟೋಪಿ, ವಾಸಕ್ಕೆ ಕಾಲೇಜಿನ ಹಾಸ್ಟೆಲ್‌ನ ಒಂದು ಕೊಠಡಿ. ಅದು ಬದಲಾಗಲೇ ಇಲ್ಲ.

1962ರಲ್ಲಿ ಅವರು ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ವಾರಕ್ಕೊಮ್ಮೆ ವಿಜ್ಞಾನಿಯೊಬ್ಬರು ಬಂದು ಸಾಮಾನ್ಯ ಜನರ ಮುಂದೆ ಮಾತಾಡಬೇಕು, ಜನ ಪ್ರಶ್ನೆ ಕೇಳಬೇಕು, ಇಷ್ಟೇ ಅದರ ಕೆಲಸ. ನನಗನ್ನಿಸುವಂತೆ ಎಚ್ಚೆನ್ ಅವರ ದೊಡ್ಡ ಸಾಧನೆ ಇದೇ. ಆದರೆ ಜನರ ನೆನಪಿನಲ್ಲಿ ಉಳಿದಿರುವುದು 1976ರ ಗಲಾಟೆ.

ಆಗ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ಪವಾಡಗಳನ್ನೂ ಪರೀಕ್ಷಿಸಲು ಸಾಧ್ಯವಿರುವ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ತನಿಖೆ ಮಾಡುವ ಸಮಿತಿಯೊಂದನ್ನು ರಚಿಸಿ ತಾವೇ ಅಧ್ಯಕ್ಷರಾದರು. ಗಾಳಿಯಿಂದ ವಿಭೂತಿ, ಉಂಗುರ, ವಾಚು ಸೃಷ್ಟಿಸುತ್ತಾರೆಂದು ಭಕ್ತರು ನಂಬಿದ್ದ ಸತ್ಯ ಸಾಯಿಬಾಬಾ ಅವರಿಗೆ ಪತ್ರ ಬರೆದು, ಸಮಿತಿಯ ಮುಂದೆ ಅದನ್ನು ಮಾಡಿ ತೋರಿಸಬೇಕೆಂದು ಕೋರಿದರು. ಒಂದಲ್ಲ, ಮೂರು ಪತ್ರ. ಉತ್ತರ ಬರಲಿಲ್ಲ. ಅಂಗೈಯಲ್ಲಿ ಬಚ್ಚಿಡಲಾಗದ ಕುಂಬಳಕಾಯಿಯನ್ನು ಯಾಕೆ ಸೃಷ್ಟಿಸಬಾರದು ಎಂಬುದು ಎಚ್ಚೆನ್ ಅವರ ಹೆಸರಿನ ಜೊತೆಗೇ ಉಳಿದ ಪ್ರಶ್ನೆ. ಕೇಳಲು ತಮಾಷೆ ಅನಿಸುತ್ತದೆ. ಒಳಗಿರುವುದು ಮಾತ್ರ ಪ್ರಯೋಗಶಾಲೆಯ ನಿಯಮ: ಕೈಚಳಕಕ್ಕೆ ಅವಕಾಶವೇ ಇಲ್ಲದಂತೆ ಪರೀಕ್ಷೆ ಏರ್ಪಡಿಸಿದ ಮೇಲೂ ಫಲಿತಾಂಶ ಬಂದರೆ ಆಗ ಮಾತಾಡೋಣ.

ಸಮಿತಿ ಬರೀ ಪತ್ರ ಬರೆದು ಕೂತಿರಲಿಲ್ಲ. ಪಾಂಡವಪುರದಲ್ಲಿ ಒಬ್ಬ ಬಾಲಕ ವಿಭೂತಿ ಸೃಷ್ಟಿಸುತ್ತಾನೆಂದು ಜನ ಮುಗಿಬೀಳುತ್ತಿದ್ದರು. ಸಮಿತಿಯವರು ಅಲ್ಲಿಗೆ ಹೋಗಿ ನೋಡಿದಾಗ ಬೂದಿ ಅವನ ಬಟ್ಟೆಯೊಳಗೆ ಅಡಗಿದ್ದುದು ಬಯಲಾಯಿತು. ಕಣ್ಣಾರೆ ಕಂಡೆವು ಎಂದು ಊರೂರಿಗೆ ಸುದ್ದಿ ಒಯ್ದವರು ಸುಳ್ಳು ಹೇಳಿರಲಿಲ್ಲ. ಬೂದಿ ಬಂದದ್ದನ್ನು ಕಂಡಿದ್ದರು, ಎಲ್ಲಿಂದ ಬಂತು ಎಂದು ನೋಡಿರಲಿಲ್ಲ ಅಷ್ಟೆ. ತಪ್ಪು ಮಾಹಿತಿ ಹೆಚ್ಚಾಗಿ ಹರಡುವುದು ಇಂಥ ಪ್ರಾಮಾಣಿಕರ ಬಾಯಿಂದಲೇ. ಹೇಳುವವರು ಮೇಷ್ಟರೋ ಡಾಕ್ಟರೋ ಆಗಿದ್ದರಂತೂ ಕೇಳುವವರು ಮತ್ತೆ ಪ್ರಶ್ನಿಸುವುದಿಲ್ಲ.

ಎಚ್ಚೆನ್ ಅವರಿಗೆ ಎದುರಾದ ಟೀಕೆಯೂ ಗಮನಿಸುವಂಥದ್ದು. ಅಧ್ಯಾತ್ಮವನ್ನು ಅಳೆಯಲು ವಿಜ್ಞಾನ ಯಾರು, ಕುಲಪತಿಗೆ ಇದೆಲ್ಲ ಯಾಕೆ ಎಂದರು. ಪತ್ರಕ್ಕೆ ಬಂದ ಮೌನ ಭಕ್ತರ ಕಣ್ಣಿಗೆ ದೊಡ್ಡತನವಾಗಿಯೇ ಕಂಡಿತು. ಪುರಾವೆ ಕೇಳಿದ್ದೇ ಅವಮಾನವಾದಾಗ ನಂಬಿಕೆಗೆ ಪುರಾವೆ ಒದಗಿಸುವ ಹೊರೆಯೇ ಇರುವುದಿಲ್ಲ. 1977ರಲ್ಲಿ ಅವರು ಕುಲಪತಿ ಸ್ಥಾನ ಬಿಟ್ಟರು, ಸಮಿತಿಯೂ ಅಲ್ಲಿಗೆ ಮುಗಿಯಿತು. ಪತ್ರಗಳಿಂದ ಭಕ್ತರ ಸಂಖ್ಯೆಯೇನೂ ಕುಗ್ಗಲಿಲ್ಲ, ಇದನ್ನು ಮುಚ್ಚಿಡಬೇಕಿಲ್ಲ.

1984ರಲ್ಲಿ ಪದ್ಮಭೂಷಣ ಬಂತು. 1995ರ ಸೆಪ್ಟೆಂಬರ್ 21ರಂದು ಗಣೇಶ ಹಾಲು ಕುಡಿಯುತ್ತಾನೆಂಬ ಸುದ್ದಿ ದೆಹಲಿಯಿಂದ ಹೊರಟು ಒಂದೇ ದಿನದಲ್ಲಿ ದೇಶ ದಾಟಿತು. ವಾಟ್ಸಾಪ್ ಇನ್ನೂ ಹುಟ್ಟಿರಲಿಲ್ಲ, ಮನೆಯ ಫೋನುಗಳೇ ಸಾಕಾದವು. ಅದರ ಕಾರಣ ಎಚ್ಚೆನ್ ತರಗತಿಯ ಪಾಠದಷ್ಟೇ ಸರಳ. ಚಮಚದ ಅಂಚಿಗೆ ತಾಗಿದ ಕಲ್ಲು ಹಾಲನ್ನು ತನ್ನತ್ತ ಎಳೆದುಕೊಳ್ಳುತ್ತದೆ, ಆಮೇಲೆ ಹಾಲು ತೆಳು ಪದರವಾಗಿ ಮೂರ್ತಿಯ ಮೇಲೆ ಕೆಳಗೆ ಇಳಿಯುತ್ತದೆ. ಹಾಲಿಗೆ ಬಣ್ಣ ಬೆರೆಸಿ ಹಿಡಿದರೆ ಅದು ಇಳಿದ ದಾರಿ ಯಾರ ಕಣ್ಣಿಗೂ ಕಾಣುತ್ತದೆ. ವಿಜ್ಞಾನಿಗಳು ಮಾಡಿ ತೋರಿಸಿದ್ದೂ ಅದನ್ನೇ.

2005ರ ಜನವರಿ 31ರಂದು ಎಚ್ಚೆನ್ ತೀರಿಕೊಂಡರು. ಕುಲಪತಿ ಪದವಿ, ಪ್ರಶಸ್ತಿ ಎಲ್ಲ ಬಂದುಹೋದ ಮೇಲೂ ಅವರ ವಿಳಾಸ ಬಸವನಗುಡಿಯ ಅದೇ ಹಾಸ್ಟೆಲ್ ಕೊಠಡಿಯಾಗಿತ್ತು.