ಸಿಂದಗಿಯ ಸಂನ್ಯಾಸಿ ಮತ್ತು 1948ರ ಎರಡು ಸಾವಿನ ಲೆಕ್ಕ

ಹೈದರಾಬಾದ್ ವಿಮೋಚನಾ ಹೋರಾಟದ ಮುಂದಾಳು ಸ್ವಾಮಿ ರಮಾನಂದ ತೀರ್ಥರು ಹುಟ್ಟಿದ್ದು ನಿಜಾಮನ ನೆಲದಲ್ಲಲ್ಲ. 1903ರ ಅಕ್ಟೋಬರ್ 3ರಂದು ಅವರು ಜನಿಸಿದ ಸಿಂದಗಿ ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ನೆರೆಯ ಅಫಜಲಪುರ, ಜೇವರ್ಗಿ ಸೀಮೆಗಳಲ್ಲಿ ನಿಜಾಮನ ಆಳ್ವಿಕೆ.

ಪೂರ್ವಾಶ್ರಮದಲ್ಲಿ ಅವರು ವೆಂಕಟೇಶ ಭಗವಾನರಾವ್ ಖೇಡಗೀಕರ. ಸೊಲ್ಲಾಪುರ, ಪುಣೆಗಳಲ್ಲಿ ಓದಿ, ಕಾರ್ಮಿಕ ಧುರೀಣ ಎನ್.ಎಂ. ಜೋಶಿಯವರೊಂದಿಗೆ ದುಡಿದು, ಬಳಿಕ ಉಸ್ಮಾನಾಬಾದ್ ಜಿಲ್ಲೆಯ ಹಿಪ್ಪರಗಾದ ರಾಷ್ಟ್ರೀಯ ಶಾಲೆಗೆ ಶಿಕ್ಷಕರಾಗಿ ಬಂದರು. 1930ರಲ್ಲಿ ಸಂನ್ಯಾಸ ಸ್ವೀಕರಿಸಿದರು. ಕಾವಿ ಉಟ್ಟರೂ ಲೋಕವ್ಯವಹಾರ ಬಿಡಲಿಲ್ಲ. 1938ರ ಸ್ಟೇಟ್ ಕಾಂಗ್ರೆಸ್ ಸತ್ಯಾಗ್ರಹ ಅವರನ್ನು ಸೆರೆಮನೆಗೆ ಒಯ್ದಿತು. 1947ರ ಆಗಸ್ಟ್ 15ರಂದು ಮತ್ತೆ ಬಂಧನ. ಯಥಾಸ್ಥಿತಿ ಒಪ್ಪಂದದ ನಂತರ ಬಿಡುಗಡೆ. 1948ರ ಜನವರಿಯಲ್ಲಿ ಮರುಬಂಧನ.

ಕಾಸಿಂ ರಜ್ವಿಯ ರಜಾಕಾರರು ಹಳ್ಳಿಗಳನ್ನು ಸುಡುತ್ತಿದ್ದ ಕಾಲಕ್ಕೆ ಸ್ವಾಮೀಜಿ ಸೆರೆಯಲ್ಲಿದ್ದರು. ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ಆ ಮೇ ತಿಂಗಳಲ್ಲಿ ಸುಮಾರು 200 ಮಂದಿ ಹತರಾದರೆಂದು ಊರವರ ನೆನಪು. ವಿಲೀನದ ಪರ ಬರೆದ ಪತ್ರಕರ್ತ ಶೋಯೆಬುಲ್ಲಾ ಖಾನ್ ಆಗಸ್ಟ್‌ನಲ್ಲಿ ಕೊಲೆಯಾದರು. ರಜಾಕಾರರಿಗೆ ವೈರಿಗಳು ಕೇವಲ ಹಿಂದೂಗಳಾಗಿರಲಿಲ್ಲ ಎಂಬುದಕ್ಕೆ ಇದೊಂದೇ ಸಾಕು.

ಸೆಪ್ಟೆಂಬರ್ 13ರಂದು ಭಾರತೀಯ ಸೇನೆ ಸಂಸ್ಥಾನವನ್ನು ಪ್ರವೇಶಿಸಿತು. 17ಕ್ಕೆ ನಿಜಾಮ ಶರಣಾದ. ಸ್ವಾಮೀಜಿ ಹೊರಬಂದರು. ನಿಜಾಮನ ಸರ್ಕಾರ ಪರದೇಶದ ದಾಳಿಯ ಭೀತಿಯೆಂದು ವಿಶ್ವಸಂಸ್ಥೆಗೆ ದೂರಿತ್ತು. ದೆಹಲಿ ಅದನ್ನು ಪೊಲೀಸ್ ಕಾರ್ಯಾಚರಣೆ ಎಂದು ಕರೆಯಿತು. ಸಂಸ್ಥಾನ ಭಾರತದ್ದೇ ಅಂಗವೆಂದು ಸಾರಿ ಜೈಲು ಕಂಡ ಸ್ವಾಮೀಜಿಗೆ ಬಂದದ್ದು ಪರಕೀಯ ಸೇನೆಯಾಗಿರಲಿಲ್ಲ.

ಆದರೆ ಸಾವು ಐದು ದಿನಕ್ಕೆ ನಿಲ್ಲಲಿಲ್ಲ. ಪ್ರಧಾನಿ ನೆಹರೂ ಕಳುಹಿಸಿದ ಪಂಡಿತ್ ಸುಂದರಲಾಲ್ ನೇತೃತ್ವದ ತಂಡ ಆ ವರ್ಷದ ಕೊನೆಯಲ್ಲಿ ಸಂಸ್ಥಾನ ಸುತ್ತಿತು. ಕಾರ್ಯಾಚರಣೆಯ ವೇಳೆ ಮತ್ತು ನಂತರ ಸತ್ತವರು ಕನಿಷ್ಠವೆಂದರೂ 27,000ದಿಂದ 40,000 ಎಂದು ಅದರ ಅಂದಾಜು. ಮೃತರಲ್ಲಿ ಬಹುಪಾಲು ಮುಸ್ಲಿಮರು. ಸೈನಿಕರು ಕೆಲವೆಡೆ ಜನರನ್ನು ಕಾಪಾಡಿದರು, ಕೆಲವೆಡೆ ಲೂಟಿ ಹತ್ಯೆಗಳಿಗೆ ಕೈಜೋಡಿಸಿದರು ಎಂದೂ ವರದಿ ಹೇಳುತ್ತದೆ. ಅತಿ ಹೆಚ್ಚು ಬಾಧಿತವೆಂದು ಗುರುತಿಸಿದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲ್ಬರ್ಗ, ಬೀದರ್, ನಾಂದೇಡ.

ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಎರಡನೆಯದೇ ಭಾರ. ಆದರೂ ಈ ತೂಕ ಸರಳವಲ್ಲ. ರಜಾಕಾರರ ಕಾಲದ ಸಾವು ಊರೂರಿಗೆ ಚದುರಿದ ಲೆಕ್ಕ. ನಂತರದ್ದು ಕೆಲವು ವಾರಗಳ ಪ್ರವಾಸದಲ್ಲಿ ಮಾಡಿದ ಅಂದಾಜು. ಮೊದಲನೆಯ ಕ್ರೌರ್ಯ ಎರಡನೆಯದಕ್ಕೆ ಕಾರಣವಾಯಿತು ಎನ್ನಬಹುದು, ಸಮರ್ಥನೆ ಆಗದು. ರಜಾಕಾರನಲ್ಲದ ರೈತನೂ ನೇಕಾರನೂ ಧರ್ಮದ ಹೆಸರಿಗಾಗಿಯೇ ಸತ್ತಿದ್ದ.

ತಾವು ಪಾಠ ಹೇಳಿದ ಉಸ್ಮಾನಾಬಾದ್ ಆ ನಾಲ್ಕರಲ್ಲಿ ಒಂದು. 1952ರಲ್ಲಿ ಲೋಕಸಭೆಗೆ ಅವರನ್ನು ಆರಿಸಿ ಕಳುಹಿಸಿದ ಗುಲ್ಬರ್ಗ ಇನ್ನೊಂದು. ಸಂಸ್ಥಾನವನ್ನು ಭಾಷಾವಾರು ಒಡೆಯಬೇಕೆಂದು ಅವರು ವಾದಿಸಿದರು. 1956ರಲ್ಲಿ ಅದೇ ಆಯಿತು. 1972ರ ಜನವರಿ 22ರಂದು ತೀರಿಕೊಂಡರು. 1994ರಲ್ಲಿ ನಾಂದೇಡದಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯಕ್ಕೆ ಅವರ ಹೆಸರಿದೆ. ಸುಂದರಲಾಲ್ ವರದಿಯನ್ನು ಮಾತ್ರ ಅವರ ಜೀವಿತಕಾಲದಲ್ಲಿ ಸರ್ಕಾರ ಪ್ರಕಟಿಸಲೇ ಇಲ್ಲ.