ಅಂಚಿನಿಂದ ನಡುವಿಗೆ: ಬೆಳಗಾವಿಯ ಕೌದಿ, ಖಾನಾಪುರದ ಕವಂದಿ

ಮಕ್ಕಳೇ, ಈ ಚಳಿಗಾಲದಲ್ಲಿ ನಿಮ್ಮಲ್ಲಿ ಹಲವರು ಸಾಕ್ಸ್ ಹೆಣೆಯಲು ಕಲಿತಿದ್ದೀರಿ. ಎರಡು ತುದಿಗಳ ನಡುವೆ ಬಗ್ಗುವ ತಂತಿಯಿರುವ ದುಂಡು ಕಡ್ಡಿ, ಎರಡು ಬಣ್ಣದ ಉಲ್ಲನ್ ಉಂಡೆ, ಮಡಿಲಲ್ಲಿ ಅರ್ಧ ಬೆಳೆದ ಚಿತ್ತಾರದ ಸಾಕ್ಸ್. ಫೋನ್ ಪಕ್ಕಕ್ಕಿಟ್ಟು ಕೈಕೆಲಸ ಹಿಡಿದ ಮಕ್ಕಳನ್ನು ಕಂಡರೆ ನನಗೆ ಎಲ್ಲಿಲ್ಲದ ಹಿಗ್ಗು. ಆದರೆ ಕೌದಿ ಎಂದರೆ ಏನೆಂದು ಕೇಳಿದಾಗ ನಿಮ್ಮಲ್ಲಿ ಹೆಚ್ಚಿನವರು ಸುಮ್ಮನಾದಿರಿ. ಕೆಲವರು ಅದೊಂದು ತಿಂಡಿಯೇ ಎಂದಿರಿ. ಅದಕ್ಕೇ ಈ ಬರಹ.

ಸಾಕ್ಸ್ ಹೇಗೆ ಬೆಳೆಯುತ್ತದೆ ಎಂಬುದು ನಿಮಗೆ ಚೆನ್ನಾಗಿ ಗೊತ್ತು. ಕಣಕಾಲಿನ ಸುತ್ತಳತೆಗೆ ತಕ್ಕಷ್ಟು ಮನೆ ಹಾಕುತ್ತೀರಿ, ದೊಡ್ಡವರ ಕಾಲಿಗಾದರೆ ಸಾಮಾನ್ಯವಾಗಿ 60ರಿಂದ 64. ಮೊದಲ ಮನೆಯನ್ನೂ ಕೊನೆಯ ಮನೆಯನ್ನೂ ಕೂಡಿಸಿದರೆ ಸುತ್ತು ಶುರುವಾಯಿತು. ಹೊರಮೈ ಸದಾ ನಿಮ್ಮ ಕಡೆಗೇ ಇರುವುದರಿಂದ ಚಿತ್ತಾರ ಕಣ್ಣೆದುರೇ ಮೂಡುತ್ತದೆ. ಆಯಾ ಮನೆಗೆ ಬೇಡದ ಬಣ್ಣದ ಎಳೆ ಹಿಂಬದಿಯಲ್ಲಿ ಸಡಿಲವಾಗಿ ಸಾಗಬೇಕು; ಬಿಗಿದು ಎಳೆದಿರೋ, ಕಾಲು ಒಳಗೆ ಹೋಗುವುದಿಲ್ಲ. ಹಿಮ್ಮಡಿ ತಿರುಗಿಸಿ, ಪಾದ ಮುಗಿಸಿ, ಮನೆ ಇಳಿಸುತ್ತ ಬಂದರೆ ಬೆರಳತುದಿ ಮುಚ್ಚುತ್ತದೆ. ಪಕ್ಕದಲ್ಲಿ ಜೋಡಣೆಯ ಹೊಲಿಗೆಯೇ ಇಲ್ಲ. ಅಗಲವಾದ ಬಾಯಿಯಲ್ಲಿ ಹೊರಟು, ಸುತ್ತಿ ಸುತ್ತಿ, ಕಿರಿದಾಗುತ್ತ ಮುಗಿಯುವ ಇದೇ ನಡೆ ಖಾನಾಪುರ ತಾಲ್ಲೂಕಿನ ಕಾಡಂಚಿನ ಊರುಗಳಲ್ಲೂ ಇದೆ. ಅಲ್ಲಿ ಉಲ್ಲನ್ ಬದಲು ಹಳೆಯ ಸೀರೆ, ಕಡ್ಡಿಯ ಬದಲು ಒಂದೇ ಒಂದು ಸೂಜಿ.

ಮೊದಲು ಊರಿನ ಮಾತು. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಎತ್ತರದಲ್ಲಿದೆ. ಅಲ್ಲಿಂದ ದಕ್ಷಿಣಕ್ಕೆ 26 ಕಿಲೋಮೀಟರಿನಷ್ಟು ಹೋದರೆ ಮಲಪ್ರಭಾ ನದಿಯ ದಂಡೆಯ ಮೇಲೆ ಖಾನಾಪುರ. ಆ ನದಿ ಹುಟ್ಟುವ ಕಣಕುಂಬಿ, ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಿದ ನಂದಗಡ, ಕದಂಬರು ಆಳಿದ ಹಲಸಿ, ಎಲ್ಲವೂ ಇದೇ ತಾಲ್ಲೂಕಿನಲ್ಲಿವೆ. ಗೋವಾದ ಗಡಿಗೆ ತಾಗಿಕೊಂಡ ಈ ಸೀಮೆಯಲ್ಲಿ ಮಳೆ ಹಿಡಿದರೆ ಬಿಡುವುದಿಲ್ಲ. ಮಳೆಗಾಲದ ಥಂಡಿ ಗೋಡೆಯೊಳಗೆ ಇಳಿದು ಕೂತಿರುತ್ತದೆ. ನಮ್ಮ ಮನೆಯಲ್ಲಿ ಆ ಥಂಡಿಗೆ ಎರಡು ಮದ್ದು. ಅವ್ವ ಖಡೇಬಜಾರಿನಿಂದ ಉಲ್ಲನ್ ತಂದು ಸುಲಟ-ಉಲಟ ಎನ್ನುತ್ತ ಸ್ವೆಟರ್ ಹೆಣೆಯುತ್ತಿದ್ದಳು. ಆಯಿ, ಅಂದರೆ ನನ್ನ ಅಜ್ಜಿ, ಕೌದಿ ಹೊಲಿಯುತ್ತಿದ್ದಳು.

ಆಯಿಯ ಟ್ರಂಕಿನ ವಾಸನೆ ಈಗಲೂ ಮೂಗಿನಲ್ಲಿದೆ. ಉಟ್ಟು ಉಟ್ಟು ಮೆತ್ತಗಾದ ಇಳಕಲ್ ಸೀರೆ, ಅಜ್ಜನ ಧೋತರ, ಗುಳೇದಗುಡ್ಡದ ಖಣದ ಕುಪ್ಪಸದ ತುಂಡು, ನಮ್ಮ ಶಾಲೆಯ ಅಂಗಿ, ಲಂಗ. ಹರಿದದ್ದನ್ನು ಎಸೆಯುವ ಮಾತೇ ಆ ಮನೆಯಲ್ಲಿ ಇರಲಿಲ್ಲ. ಮಾಘ ಕಳೆದು ಬಿಸಿಲು ಏರಿದಾಗ ಪಡಸಾಲೆಯಲ್ಲಿ ಸೀರೆಯೊಂದನ್ನು ಹಾಸಿ, ಅದರ ಮೇಲೆ ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಹರವಿ, ಮೇಲೆ ಬಣ್ಣದ ತುಂಡು ಜೋಡಿಸಿ, ಮೂರ್ನಾಲ್ಕು ಮಂದಿ ಹೆಂಗಸರು ಸುತ್ತ ಕೂರುತ್ತಿದ್ದರು. ಆ ಪದರಗಳಲ್ಲೇ ಬೆಚ್ಚಗಿನ ಗುಟ್ಟಿದೆ: ಬಟ್ಟೆಗೂ ಬಟ್ಟೆಗೂ ನಡುವೆ ಸಿಕ್ಕಿದ ಗಾಳಿ ಮೈಯ ಕಾವನ್ನು ಹೊರಗೆ ಬಿಡುವುದಿಲ್ಲ. ನಿಮ್ಮ ಸಾಕ್ಸಿನ ಹಿಂಬದಿಯಲ್ಲಿ ಸಾಗುವ ಎಳೆಗಳು ಮಾಡುವ ಕೆಲಸವೂ ಅದೇ. ಹೊಲಿಗೆ ತೀರಾ ಸರಳ, ಸೂಜಿ ಒಳಗೆ ಹೋಗಿ ಹೊರಗೆ ಬರುವ ಓಟದ ಹೊಲಿಗೆ. ಸರಳವೆಂದು ಹಗುರ ಮಾಡಬೇಡಿ. ಸಾಲು ಸಾಲಿನ ನಡುವೆ ಒಂದೇ ಅಂತರ, ಎಲ್ಲ ಪದರಕ್ಕೂ ಸೂಜಿ ಮುಟ್ಟಬೇಕು, ದಾರ ಬಿಗಿಯಲೂಬಾರದು, ಜೋಲಲೂಬಾರದು. ನಾನು ಅವಸರ ಮಾಡಿದರೆ ಆಯಿ, "ಸಾವಕಾಶ ಹೊಲಿ, ಅದೇನು ಓಡಿ ಹೋಗ್ತದೇನು?" ಅನ್ನುತ್ತಿದ್ದಳು. ಕಡೆಯ ಮೂಲೆ ಮುಚ್ಚುವ ಮೊದಲು ಒಳಗೆ ನಾಲ್ಕು ಅಕ್ಕಿಕಾಳು ಹಾಕುತ್ತಿದ್ದಳು, ಕೌದಿಯ ಹೊಟ್ಟೆ ಖಾಲಿ ಇರಬಾರದೆಂದು. ದಸರೆಗೆ ಮುಂಚೆ ಮನೆಯ ಹಾಸಿಗೆ ಹೊದಿಕೆಯನ್ನೆಲ್ಲ ನೀರಿನ ಕಡೆಗೆ ಒಯ್ಯುವ ಪದ್ಧತಿ. ನೆನೆದ ಕೌದಿಯನ್ನು ಎತ್ತಲು ಇಬ್ಬರು ಬೇಕು. ಖಾನಾಪುರದಲ್ಲಿ ಮಲಪ್ರಭೆಯ ದಂಡೆಯುದ್ದಕ್ಕೂ ಬಂಡೆಗಳ ಮೇಲೆ ಒಣಹಾಕಿದ ಕೌದಿಗಳನ್ನು ನೋಡಿದವರು ಮರೆಯಲಾರರು.

ಈಗ ನನಗೆ ಅತಿ ಪ್ರಿಯವಾದ ಕವಂದಿಯ ವಿಷಯ. ಖಾನಾಪುರದ ಕಾಡಂಚಿನಲ್ಲಿ, ಪಕ್ಕದ ಹಳಿಯಾಳ, ಯಲ್ಲಾಪುರ, ಮುಂಡಗೋಡ, ಕಲಘಟಗಿ ಸೀಮೆಯಲ್ಲಿ ಸಿದ್ದಿ ಜನ ಇದ್ದಾರೆ. ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಗೆ ಕವಂದಿ ಎನ್ನುತ್ತಾರೆ. ಅದನ್ನು ಕಟ್ಟುವ ರೀತಿಯೇ ಬೇರೆ. ಪೂರ್ತಿ ಮೇಲ್ಮೈಯನ್ನು ಮೊದಲೇ ಜೋಡಿಸಿಟ್ಟುಕೊಳ್ಳುವುದಿಲ್ಲ. ನಕ್ಷೆ ಇಲ್ಲ, ಅಳತೆಪಟ್ಟಿ ಇಲ್ಲ. ಸೀರೆಯೊಂದನ್ನು ತಳಕ್ಕೆ ಹಾಸಿ ಒಂದು ಮೂಲೆಯಲ್ಲಿ ಕೂತವಳು, ಕೈಗೆ ಬಂದ ತುಂಡನ್ನು ಅಂಚಿಗಿಟ್ಟು, ಅದರ ಬದಿಯನ್ನು ಬೆರಳಿನಿಂದಲೇ ಒಳಕ್ಕೆ ಮಡಿಚಿ, ಹೊಲಿಯುತ್ತ ಮುಂದಿನ ತುಂಡಿಗೆ ಸಾಗುತ್ತಾಳೆ. ನಾಲ್ಕು ಅಂಚು ಸುತ್ತಿ ಬಂದರೆ ಒಂದು ಸುತ್ತು. ಅದರ ಒಳಗೆ ಇನ್ನೊಂದು, ಅದರೊಳಗೆ ಮತ್ತೊಂದು, ಹೀಗೆ ಸೂಜಿ ನಡುವಿಗೆ ಸೇರುವವರೆಗೆ. ತುಂಡು ಸೇರಿಸುವ ಕೆಲಸ, ಪದರ ಬಿಗಿಯುವ ಕೆಲಸ, ಚಿತ್ತಾರದ ಕೆಲಸ ಮೂರನ್ನೂ ಒಂದೇ ದಾರ ಮಾಡಿಬಿಡುತ್ತದೆ. ಮಗುಚಿ ಹಾಕಿದರೆ ಹಿಂಬದಿಯ ಸೀರೆಯ ಮೇಲೆ ಬರೀ ಹೊಲಿಗೆಯ ಗೆರೆಗಳು, ಚೌಕದೊಳಗೊಂದು ಚೌಕವಾಗಿ ಇಳಿಯುತ್ತ ಹೋಗಿರುತ್ತವೆ. ನನಗಂತೂ ಮುಂಬದಿಗಿಂತ ಆ ಹಿಂಬದಿಯೇ ಹೆಚ್ಚು ಚೆಂದ.

ಕೊನೆಗೆ ನಾಲ್ಕು ಮೂಲೆಗೂ ಫುಲ ಬೇಕು. ಬಟ್ಟೆಯ ಚೌಕವನ್ನು ಮಡಿಚಿ ಮಡಿಚಿ ಮಾಡಿದ ದಪ್ಪನೆಯ ಪುಟ್ಟ ತ್ರಿಕೋನ ಅದು, ಹೂವಿನ ಎಸಳಿನಂತೆ ಮೂಲೆಯಲ್ಲಿ ಎದ್ದು ನಿಲ್ಲುತ್ತದೆ. ಫುಲ ಇಲ್ಲದ ಕವಂದಿ ಬತ್ತಲೆ ಇದ್ದಂತೆ ಎಂದು ಹೊಲಿಯುವವರೇ ಹೇಳುತ್ತಾರೆ. ತೊಟ್ಟಿಲ ಕೂಸಿಗೆ ಚಿಕ್ಕದು, ಒಬ್ಬರಿಗೆ ಹೊದೆಯಲು ಒಂದಳತೆ, ಮನೆಮಂದಿಯೆಲ್ಲ ಒಟ್ಟಿಗೆ ಮಲಗಲು ದೊಡ್ಡದು. ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಕವಂದಿಯ ನಡುವೆ ಒಬ್ಬಳು ಶಿಲುಬೆಯ ಆಕಾರದ ತುಂಡಿಟ್ಟಾಳು, ಇನ್ನೊಬ್ಬಳು ಅರ್ಧಚಂದ್ರ ಇಟ್ಟಾಳು. ಆದರೆ ಅಂಚಿನಿಂದ ನಡುವಿಗೆ ಬರುವ ದಾರಿ ಎಲ್ಲರಿಗೂ ಒಂದೇ.

ಈ ಸಿದ್ದಿಗಳು ಯಾರು? ಇವರ ಹಿರಿಯರು ಆಫ್ರಿಕಾದವರು. ಕೆಲವರು ನಾವಿಕರಾಗಿ, ಸೈನಿಕರಾಗಿ ಬಂದರು. ಬಹಳಷ್ಟು ಜನರನ್ನು ಗುಲಾಮರಾಗಿ ತರಲಾಯಿತು. 1510ರಲ್ಲಿ ಗೋವಾ ಹಿಡಿದ ಪೋರ್ಚುಗೀಸರು ಮುಂದೆ ನೂರಾರು ವರ್ಷ ಆ ವ್ಯಾಪಾರ ನಡೆಸಿದರು. ಅಲ್ಲಿಂದ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟ ಹತ್ತಿ ನಮ್ಮ ಕಾಡುಗಳಲ್ಲಿ ನೆಲೆ ನಿಂತರು. ಆಫ್ರಿಕಾ ಮೂಲದವರಲ್ಲಿ ಬಹಳ ಎತ್ತರಕ್ಕೆ ಏರಿದವರೂ ಇದ್ದರು. ಅಹಮದನಗರದ ಮಲಿಕ್ ಅಂಬರ್, ವಿಜಯಪುರದ ಮಹಮದ್ ಆದಿಲ್‌ಶಾಹನ ಮಂತ್ರಿ ಇಖ್ಲಾಸ್ ಖಾನ್ ಅಂಥವರು. ಇಬ್ಬರ ಚಿತ್ರಗಳೂ ದಖನ್ನಿನ ವರ್ಣಚಿತ್ರಗಳಲ್ಲಿ ಇವೆ. ಖಾನಾಪುರದ ಕಾಡಿಗೆ ಬಂದವರ ಬದುಕು ಮಾತ್ರ ಕಷ್ಟದ್ದು. ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿ ಸಿಕ್ಕಿದ ಪರಿಶಿಷ್ಟ ಪಂಗಡದ ಮಾನ್ಯತೆ ಬೆಳಗಾವಿ, ಧಾರವಾಡ ಜಿಲ್ಲೆಯವರಿಗೆ ಸಿಗಲು 2020ರವರೆಗೆ ಕಾಯಬೇಕಾಯಿತು. ಅದೇ ವರ್ಷ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡು ಆ ಸಮುದಾಯದ ಮೊದಲ ಶಾಸಕರಾದರು. ಕನ್ನಡ, ಕೊಂಕಣಿ, ಮರಾಠಿ ಎಲ್ಲ ಆಡುವ ಇವರು ನಮ್ಮವರೇ. ಕನ್ನಡಿಗರ ಮುಖ ಹೀಗೇ ಇರುತ್ತದೆ ಎಂದು ನಿಮಗೆ ಯಾರಾದರೂ ಹೇಳಿದರೆ ಸಿದ್ದಿಗಳ ಹೆಸರು ಹೇಳಿ.

ಕವಂದಿ ನಾವಿರುವ ಅಮೆರಿಕವನ್ನೂ ಮುಟ್ಟಿದೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹೆನ್ರಿ ಡ್ರೂವಲ್ ಸಿದ್ದಿ ಊರುಗಳಲ್ಲಿ ಇದ್ದು ಈ ಕಲೆಯನ್ನು ಅಭ್ಯಾಸ ಮಾಡಿದರು. 2004ರಲ್ಲಿ ಸಿದ್ದಿ ಮಹಿಳೆಯರ ಕೌದಿ ಸಹಕಾರ ಸಂಘ ರೂಪುಗೊಳ್ಳಲು ಅವರೂ ನೆರವಾದರು. ಅಲಬಾಮಾದ ಗೀಸ್ ಬೆಂಡ್ ಎಂಬ ಹಳ್ಳಿಯ ಆಫ್ರಿಕನ್ ಅಮೆರಿಕನ್ ಹೆಂಗಸರೂ ಹಳೆಯ ಬಟ್ಟೆಯಲ್ಲಿ ಕೌದಿ ಮಾಡುತ್ತಾರೆ. 2006ರಲ್ಲಿ ಇಲ್ಲಿನ ಅಂಚೆ ಇಲಾಖೆ ಅವರ ಕೌದಿಗಳ ಚಿತ್ರವಿರುವ ಅಂಚೆಚೀಟಿಗಳನ್ನೇ ಹೊರಡಿಸಿತು. ಲೈಬ್ರರಿಯಲ್ಲಿ ಗೀಸ್ ಬೆಂಡಿನ ಪುಸ್ತಕ ಸಿಗುತ್ತದೆ, ತಂದು ನೋಡಿ. ಅದೇ ಧೈರ್ಯದ ಬಣ್ಣ, ಅದೇ ಅಳತೆಗೆ ಸಿಗದ ಚೌಕಗಳು.

ಅಪ್ಪಂದಿರೇ, ಅಮ್ಮಂದಿರೇ, ಇನ್ನು ನಿಮ್ಮೊಡನೆ ಎರಡು ಮಾತು. ಮಕ್ಕಳಿಗೆ ಕೌದಿ ಗೊತ್ತಿಲ್ಲವೆಂದರೆ ನಾವು ತೋರಿಸಿಲ್ಲ ಎಂದರ್ಥ. ಊರಿಂದ ಬರುವಾಗ ಚಟ್ನಿಪುಡಿಗೆ, ಕುಂದಾಗೆ ಸೂಟ್‌ಕೇಸಿನಲ್ಲಿ ಜಾಗ ಮಾಡುತ್ತೇವೆ, ಅವ್ವ ಮಡಿಚಿ ಕೊಟ್ಟ ಕೌದಿ ಭಾರವೆಂದು ಅಟ್ಟದ ಮೇಲೇ ಬಿಟ್ಟು ಬರುತ್ತೇವೆ. ಊರಲ್ಲೂ ಈಗ ಮೆಷಿನ್ ಬ್ಲಾಂಕೆಟ್ ಬಂದಿವೆ. ಪಾಲಿಯೆಸ್ಟರ್ ಸೀರೆಯಲ್ಲಿ ಒಳ್ಳೆಯ ಕೌದಿ ಆಗುವುದಿಲ್ಲ, ಅದು ಜಾರುತ್ತದೆ, ಬೆವರು ಹೀರುವುದಿಲ್ಲ. ನಾನು ಚಿಕ್ಕವಳಿದ್ದಾಗ ಓಣಿಗೆ ಬಂದು ಕೌದಿ ಹೊಲಿದುಕೊಟ್ಟು, ಕಾಳು-ಕಡಿ ಕೂಲಿ ಪಡೆದು ಹೋಗುತ್ತಿದ್ದ ಹೆಂಗಸರು ಈಗ ನಮ್ಮ ಓಣಿಯಲ್ಲಿ ಕಾಣುವುದಿಲ್ಲ. ಸೂಜಿಗೆ ದಾರ ಪೋಣಿಸಲು ಮೊಮ್ಮಕ್ಕಳನ್ನು ಕರೆಯುವ ವಯಸ್ಸಿನ ಅಜ್ಜಿಯರು ಇನ್ನೂ ಇದ್ದಾರೆ. ಅವರಿರುವಾಗಲೇ ಮಕ್ಕಳನ್ನು ಅವರ ಪಕ್ಕದಲ್ಲಿ ಕೂರಿಸಬೇಕು. ಈ ಬೇಸಿಗೆ ರಜೆಯಲ್ಲಿ ಬೆಳಗಾವಿಗೆ ಹೋಗುವವರು ಮಾಲ್ ಸುತ್ತುವ ಒಂದು ದಿನವನ್ನು ಖಾನಾಪುರಕ್ಕೆ ಕೊಡಿ. ಕವಂದಿ ಕೊಳ್ಳುವುದಾದರೆ ಹೊಲಿದವರ ಕೈಯಿಂದಲೇ ಕೊಳ್ಳಿ, ಚೌಕಾಸಿ ಮಾಡಬೇಡಿ. ವಾರಗಟ್ಟಲೆ ಕೂತು ಹೊಲಿದ ಕೆಲಸ ಅದು.

ಮಕ್ಕಳೇ, ಹೆಣಿಗೆ ಬಲ್ಲ ನಿಮ್ಮ ಬೆರಳಿಗೆ ಕವಂದಿ ಕಷ್ಟವಾಗದು. ಗೊಂಬೆಗೆ ಹೊದಿಸುವಷ್ಟು ಚಿಕ್ಕದರಿಂದ ತೊಡಗಿ. ತಳಕ್ಕೆ ಅಮ್ಮನ ಹಳೆಯ ಹತ್ತಿ ಸೀರೆಯ ತುಂಡು, ಮೇಲೆ ನಿಮ್ಮ ಹಳೆಯ ಅಂಗಿಯ ಚೂರು, ಉದ್ದನೆಯ ಸೂಜಿ, ದಪ್ಪ ಹತ್ತಿಯ ದಾರ. ಟೀ-ಶರ್ಟ್ ಬೇಡ, ಅದು ಹಿಗ್ಗಿ ಸುಕ್ಕು ಹಿಡಿಯುತ್ತದೆ. ಮೂಲೆಯಲ್ಲಿ ಆರಂಭಿಸಿ, ಅಂಚು ಸುತ್ತಿ, ಒಳಕ್ಕೆ ಬನ್ನಿ. ಫುಲ ಮರೆಯಬೇಡಿ.

ಈ ನವೆಂಬರಿನ ರಾಜ್ಯೋತ್ಸವದ ದಿನ ಊಟದ ಸಭಾಂಗಣದ ಪಕ್ಕದ ಕೋಣೆಯಲ್ಲಿ ನಮ್ಮ ಕನ್ನಡ ಕೂಟದ್ದೇ ಒಂದು ದೊಡ್ಡ ಕೌದಿ ಹಾಸೋಣ. ಮನೆಗೊಂದರಂತೆ ಹಳೆಯ ಹತ್ತಿ ಬಟ್ಟೆಯನ್ನು ಒಗೆದು ತನ್ನಿ. ಅಜ್ಜಿಯರು ಬಂದಿದ್ದರೆ ಅವರನ್ನೂ ಕರೆತನ್ನಿ, ಅವರಿಗೆ ಕುರ್ಚಿ ಹಾಕಿಸುತ್ತೇವೆ. ಸೂಜಿ, ದಾರ ನಾನು ತರುತ್ತೇನೆ.